ಅಕ್ಕನಿಗೊಂದು ಪ್ರಶ್ನೆ: ಅವ್ವ ಇನ್ನೂ ನಂಬಿಲ್ಲ, ನಾನೇನು ಮಾಡಲಿ?

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಒಂದೇ ವಿಷಯದವು. ಮನೆಯಲ್ಲಿ, ಓಣಿಯಲ್ಲಿ, ಕೆಲಸದ ಜಾಗದಲ್ಲಿ ದಿನಾ ನಮ್ಮ ಜೊತೆಗಿದ್ದರೂ ಯೇಸುವನ್ನು ಇನ್ನೂ ನಂಬದ ಜನರ ಬಗ್ಗೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಈ ಸಲ ನಾಲ್ಕು ಪತ್ರಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ದೇವಶಾಸ್ತ್ರ ಓದಿದವಳಲ್ಲ. ಗದಗ ಸೀಮೆಯ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಿಯಾದವಳು. ಅದನ್ನು ತಿಳಿದುಕೊಂಡೇ ನನ್ನ ಉತ್ತರಗಳನ್ನು ಓದಿರಿ.

ಪ್ರಶ್ನೆ: ಅಕ್ಕನವರೇ, ಕ್ರಿಸ್ತನಲ್ಲಿ ವಂದನೆಗಳು. ನಮ್ಮ ಮನೆತನದಲ್ಲಿ ಯೇಸುವನ್ನು ನಂಬಿದವಳು ನಾನೊಬ್ಬಳೇ. ಅವ್ವ ಹಾವೇರಿ ಕಡೆ ಹಳ್ಳಿಯಲ್ಲಿದ್ದಾಳೆ. ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಹೋದಾಗಲೆಲ್ಲ ಸುವಾರ್ತೆ ಹೇಳುತ್ತೇನೆ. ಅವಳು ಪೂರ್ತಿ ಕೇಳಿಸಿಕೊಂಡು "ಚಾ ಮಾಡ್ಲೇನ?" ಅನ್ನುತ್ತಾಳೆ. ಸಭೆಯ ಹಿರಿಯರೊಬ್ಬರು, "ಅವ್ವ ನಂಬದೆ ತೀರಿಕೊಂಡರೆ ಅವಳ ರಕ್ತಕ್ಕೆ ನೀನೇ ಹೊಣೆ, ಯೆಹೆಜ್ಕೇಲ 33 ಓದು" ಅಂದರು. ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಯುಗಾದಿಗೆ ಹೋಳಿಗೆ ಮಾಡೋಕೆ ಬಾ ಅಂತ ಕರೆದಳು. ವಿಗ್ರಹದ ಹಬ್ಬ ಅಂತ ಹೋಗಲಿಲ್ಲ. ಈಗ ಅವಳು ಫೋನ್ ಮಾಡುವುದೂ ಕಡಿಮೆಯಾಗಿದೆ.

ಉತ್ತರ: ತಂಗೀ, ಮೊದಲು ಊರಿಗೆ ಹೋಗು. ಹಬ್ಬ ಬರುವವರೆಗೆ ಕಾಯಬೇಡ.

ಯೆಹೆಜ್ಕೇಲ 33ನ್ನು ನಾನೂ ಮತ್ತೆ ಓದಿದೆ. ಅಲ್ಲಿ ಕಾವಲುಗಾರನ ಮಾತಿದೆ, ನಿಜ. ಶತ್ರು ಬರುವುದನ್ನು ಕಂಡೂ ಕೊಂಬು ಊದದವನು ಹೊಣೆಗಾರ. ಊದಿದವನು ತನ್ನ ಕೆಲಸ ಮಾಡಿ ಮುಗಿಸಿದ. ನೀನು ಊದಿದ್ದೀಯ. ಒಂದು ಸಲವಲ್ಲ, ಹೋದಾಗಲೆಲ್ಲ. ಅವ್ವನಿಗೆ ಕೇಳಿಸಿದೆ. ಆ ಹಿರಿಯರು ಅದೇ ಅಧ್ಯಾಯದ 11ನೇ ವಚನವನ್ನು ನಿನಗೆ ತೋರಿಸಿದ್ದರೆ ಚೆನ್ನಾಗಿತ್ತು. ದುಷ್ಟನ ಸಾವಿನಲ್ಲೂ ತನಗೆ ಸಂತೋಷವಿಲ್ಲ ಅಂತ ದೇವರು ಅಲ್ಲಿ ಆಣೆಯಿಟ್ಟು ಹೇಳುತ್ತಾನೆ. ದುಷ್ಟನಿಗೇ ಹಾಗಿದ್ದರೆ, ಮಗಳಿಗೆ ಚಾ ಕಾಸಿಕೊಡುವ ನಿನ್ನ ಅವ್ವನ ಮೇಲೆ ಆತನಿಗೆ ಎಷ್ಟು ಕರುಣೆ ಇರಬೇಕು! ನೀನು ಅವ್ವನನ್ನು ಪ್ರೀತಿಸಲು ಶುರುಮಾಡುವ ಎಷ್ಟೋ ಮೊದಲಿನಿಂದ ಆತ ಅವಳನ್ನು ಪ್ರೀತಿಸುತ್ತಿದ್ದಾನೆ. ಅವಳ ಹೃದಯದ ಬಾಗಿಲು ತೆರೆಯುವುದು ನಿನ್ನ ಕೆಲಸವೂ ಅಲ್ಲ, ನನ್ನದೂ ಅಲ್ಲ. ಫಿಲಿಪ್ಪಿ ಊರಿನಲ್ಲಿ ಅಪೊಸ್ತಲ ಪೌಲ ಮಾತಾಡಿದ, ಆದರೆ ಕೇಳುತ್ತಿದ್ದ ಲುದ್ಯ ಎಂಬ ಹೆಂಗಸಿನ ಹೃದಯವನ್ನು ತೆರೆದವನು ಕರ್ತನೇ. ಅಪೊಸ್ತಲರ ಕೃತ್ಯಗಳು 16ರಲ್ಲಿ ಹಾಗೇ ಬರೆದಿದೆ.

ಹೋಳಿಗೆಯ ವಿಷಯ. ಪೂಜೆಗೆ ಕೈಮುಗಿಯಲು ನಿನ್ನ ಮನಸ್ಸು ಒಪ್ಪದಿದ್ದರೆ ಮುಗಿಯಬೇಡ, ಅವ್ವನಿಗೆ ಅದು ಈಗಾಗಲೇ ಗೊತ್ತಿರುತ್ತದೆ. ಆದರೆ ಬೇಳೆ ಬೇಯಿಸಲು, ಬೆಲ್ಲ ಹಾಕಿ ಹೂರಣ ಅರೆಯಲು, ಕಣಕ ನಾದಲು ಏನು ಅಡ್ಡಿ? ಅವ್ವ ಕರೆದದ್ದು ಮಗಳನ್ನು. ಸಿರಿಯಾದ ಸೇನಾಪತಿ ನಾಮಾನನನ್ನು ನೆನಪಿಸಿಕೋ. ಕುಷ್ಠ ವಾಸಿಯಾಗಿ ಇಸ್ರಾಯೇಲರ ದೇವರನ್ನು ನಂಬಿದ ಮೇಲೆ ಅವನಿಗೊಂದು ಚಿಂತೆ ಹತ್ತಿತು. ತನ್ನ ರಾಜ ರಿಮ್ಮೋನನ ಗುಡಿಗೆ ಹೋಗುವಾಗ ತನ್ನ ಕೈಹಿಡಿದುಕೊಳ್ಳುತ್ತಾನೆ, ಆಗ ತಾನೂ ಬಗ್ಗಬೇಕಾಗುತ್ತದೆ, ಇದನ್ನು ಕರ್ತನು ಕ್ಷಮಿಸಲಿ ಅಂದ. ಎಲೀಷ ಅವನಿಗೆ ಉಪದೇಶ ಮಾಡಲಿಲ್ಲ, ಸಮಾಧಾನದಿಂದ ಹೋಗು ಅಂತ ಮಾತ್ರ ಹೇಳಿ ಕಳಿಸಿದ. ಮನೆತನದಲ್ಲಿ ಒಬ್ಬರೇ ನಂಬಿದವರ ಕಷ್ಟ ಏನೆಂದು ಆ ಪ್ರವಾದಿಗೆ ಅರ್ಥವಾಗಿತ್ತು.

ಈಗ ನರ್ಸ್ ಆಗಿ ಒಂದು ಕೆಲಸ ಹೇಳುತ್ತೇನೆ. ಅವ್ವನಿಗೆ ಸಕ್ಕರೆ ಇದೆ ಅಂದೆಯಲ್ಲ, ಅವಳ ಕಾಲು ನೋಡು. ನೋಡು ಅಂದರೆ ಕೂತು, ಬೆಳಕಿಗೆ ಹಿಡಿದು ನೋಡು. ಬಹಳ ವರ್ಷ ಸಕ್ಕರೆ ಇದ್ದವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಗಾಯ ಕೀವಾದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಎಷ್ಟೋ ಬೆರಳು, ಎಷ್ಟೋ ಪಾದ ಹೀಗೇ ಹೋದದ್ದನ್ನು ನೋಡಿದ್ದೇನೆ. ಉಗುರುಬೆಚ್ಚಗಿನ ನೀರು ತೆಗೆದುಕೋ. ಬಿಸಿ ಎಷ್ಟಿದೆ ಅಂತ ಅವಳ ಕಾಲಿಗೆ ಬಿಟ್ಟು ಕೇಳಬೇಡ, ನಿನ್ನ ಮೊಣಕೈ ಅದ್ದಿ ನೋಡು. ಬಹಳ ಹೊತ್ತು ನೆನೆಸಿಡಬೇಡ. ತೊಳೆದ ಮೇಲೆ ಬೆರಳ ಸಂದಿಯನ್ನು ಮೆತ್ತನೆ ಬಟ್ಟೆಯಿಂದ ಒಂದೊಂದಾಗಿ ಒರೆಸು. ಪಾದಕ್ಕೂ ಹಿಮ್ಮಡಿಗೂ ಎಣ್ಣೆ ಹಚ್ಚು, ಸಂದಿಗೆ ಮಾತ್ರ ಬೇಡ. ಉಗುರನ್ನು ನೇರವಾಗಿ ಕತ್ತರಿಸು, ಮೂಲೆಗೆ ಕತ್ತರಿ ಹಾಕಬೇಡ. ಅಂಗಳಕ್ಕೂ ಚಪ್ಪಲಿ ಹಾಕಿಕೊಂಡೇ ಹೋಗು ಅಂತ ಹೇಳು. ಎಲ್ಲಾದರೂ ಗಾಯ, ಕಪ್ಪು ಕಲೆ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಇದನ್ನು ಮಾಡುವಾಗ ಯೇಸುವಿನ ಬಗ್ಗೆ ಏನೂ ಹೇಳಬೇಡ. ಹೇಳಬಾರದು ಅಂತಲ್ಲ. ಕಾಲು ತೊಳೆಯುವುದು ಮಾತಿಗೆ ಪೀಠಿಕೆ ಅಂತ ಅವ್ವನಿಗೆ ಅನ್ನಿಸಬಾರದು, ಅಷ್ಟೇ. ಕಡೇ ರಾತ್ರಿ ಕರ್ತನು ಶಿಷ್ಯರ ಕಾಲು ತೊಳೆದಾಗ ಯೂದನೂ ಅಲ್ಲೇ ಇದ್ದ. ತನ್ನನ್ನು ಹಿಡಿದುಕೊಡುವವನು ಯಾರು ಅಂತ ಕರ್ತನಿಗೆ ಗೊತ್ತಿತ್ತು. ಆದರೂ ಆ ಕಾಲುಗಳನ್ನು ಬಿಟ್ಟು ಮುಂದೆ ಹೋಗಲಿಲ್ಲ. ಐಶ್ವರ್ಯವಂತನೊಬ್ಬ ಬಂದು ನಿತ್ಯಜೀವದ ಬಗ್ಗೆ ಕೇಳಿದಾಗ ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದ ಅಂತ ಮಾರ್ಕ ಬರೆಯುತ್ತಾನೆ. ಆ ಮನುಷ್ಯ ಒಪ್ಪದೆ ದುಃಖದಿಂದ ಹೊರಟುಹೋದ. ಯೇಸು ಹಿಂದೆ ಓಡಲಿಲ್ಲ, ಶಪಿಸಲೂ ಇಲ್ಲ. ನಂಬುವುದಕ್ಕೆ ಮೊದಲೇ ಪ್ರೀತಿಸುವುದು, ಒಪ್ಪದಿದ್ದರೂ ಆ ಪ್ರೀತಿಯನ್ನು ವಾಪಸ್ ತೆಗೆದುಕೊಳ್ಳದಿರುವುದು, ನಾವು ಆತನಿಂದ ಕಲಿಯಬೇಕಾದದ್ದು ಇದು.

ಮೋನಿಕಾಳ ಕಥೆ ಕೇಳಿರುತ್ತೀಯ. ಈಗಿನ ಅಲ್ಜೀರಿಯಾದ ತಗಸ್ತೆ ಎಂಬ ಊರಿನವಳು. ಗಂಡನೂ ಬಹಳ ಕಾಲ ನಂಬಿರಲಿಲ್ಲ, ಮಗ ಅಗಸ್ಟೀನ ಬೇರೆ ಪಂಥಕ್ಕೆ ಸೇರಿದ್ದ. ಮಗನ ಜೊತೆ ವಾದ ಮಾಡಿ ಅವನ ತಪ್ಪು ತಿಳಿಸಿರಿ ಅಂತ ಅವಳು ಒಬ್ಬ ಬಿಷಪ್ಪರನ್ನು ಬೇಡಿಕೊಂಡಳು. ಅವರು ಒಪ್ಪಲಿಲ್ಲ. ಈಗ ಅವನು ಕೇಳುವ ಸ್ಥಿತಿಯಲ್ಲಿಲ್ಲ, ಅವನ ಪಾಡಿಗೆ ಬಿಡು, ಪ್ರಾರ್ಥನೆ ಮಾತ್ರ ಮಾಡು ಅಂದರು. ಅವರೂ ಚಿಕ್ಕಂದಿನಲ್ಲಿ ಅದೇ ಪಂಥದಲ್ಲಿ ಬೆಳೆದು ತಾವಾಗಿಯೇ ಹೊರಬಂದವರು. ಅಗಸ್ಟೀನನಿಗೆ 387ರ ಈಸ್ಟರ್ ಸಮಯದಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನವಾಯಿತು. ಅದೇ ವರ್ಷ ಮೋನಿಕಾ ತೀರಿಕೊಂಡಳು. ನಿನ್ನ ಅವ್ವನ ವಿಷಯವೂ ಹೀಗೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ, ತಂಗಿ. ಯಾರೂ ಕೊಡಲಾರರು. "ಆಗದಿದ್ದರೆ?" ಅಂತ ನೀನು ಕೇಳುತ್ತೀಯ. ಸರ್ವಲೋಕಕ್ಕೆ ನ್ಯಾಯ ತೀರಿಸುವವನು ಅನ್ಯಾಯ ಮಾಡುವನೇ ಅಂತ ಅಬ್ರಹಾಮನು ಸೊದೋಮಿನ ಜನರಿಗಾಗಿ ಬೇಡಿಕೊಳ್ಳುತ್ತಾ ಕೇಳಿದ. ಆ ನ್ಯಾಯಾಧೀಶನ ಕೈಯಲ್ಲಿ ಅವ್ವನನ್ನು ಬಿಟ್ಟು ರಾತ್ರಿ ಮಲಗು. ಬೆಳಗ್ಗೆ ಎದ್ದು ಅವಳಿಗೆ ಫೋನ್ ಮಾಡು. ತಿಂಡಿ ಏನು ಮಾಡಿದೆ ಅಂತ ಕೇಳು, ಮಾತ್ರೆ ತಗೊಂಡೆಯಾ ಅಂತ ಕೇಳು.

ಪ್ರಶ್ನೆ: ನಮ್ಮ ಮನೆಯಲ್ಲಿ ಶುಕ್ರವಾರ ಪ್ರಾರ್ಥನಾ ಕೂಟ ನಡೆಯುತ್ತದೆ. ಎದುರುಮನೆಯವರೊಬ್ಬರು ಗಲಾಟೆ ಮಾಡಿ, ಜನ ಸೇರಿಸಿ ಅದನ್ನು ನಿಲ್ಲಿಸಿದ್ದರು. ಹೋದ ತಿಂಗಳು ಅವರ ಬೈಕಿಗೆ ಅಪಘಾತವಾಗಿ ಕಾಲು ಮುರಿಯಿತು. "ನೋಡಿದೆಯಾ, ದೇವರು ಉತ್ತರ ಕೊಟ್ಟರು" ಅಂತ ಕೂಟದಲ್ಲಿ ಕೆಲವರು ಸ್ತೋತ್ರ ಹೇಳಿದರು. ನನಗೆ ಕಸಿವಿಸಿಯಾಯಿತು. ಅವರನ್ನು ನೋಡಲು ಹೋಗಬೇಕು ಅನ್ನಿಸುತ್ತಿದೆ. ಹೋದರೆ ನಮ್ಮವರೇ ಏನಂದುಕೊಳ್ಳುತ್ತಾರೋ?

ಉತ್ತರ: ತಮ್ಮಾ, ನಿನಗಾದ ಕಸಿವಿಸಿ ಪವಿತ್ರಾತ್ಮನದು. ಅದನ್ನು ಸುಮ್ಮನಾಗಿಸಬೇಡ.

ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಒಳಗೆ ಬಿಡಲಿಲ್ಲ. ಯಾಕೋಬ, ಯೋಹಾನ ಇಬ್ಬರಿಗೂ ಸಿಟ್ಟು ಬಂತು. ಆಕಾಶದಿಂದ ಬೆಂಕಿ ಬೀಳಲಿ ಅಂತ ಹೇಳೋಣವೇ ಅಂತ ಕೇಳಿದರು. ಕರ್ತನು ಗದರಿಸಿದ್ದು ಆ ಹಳ್ಳಿಯವರನ್ನಲ್ಲ, ಈ ಇಬ್ಬರನ್ನು. ಲೂಕ 9ನೇ ಅಧ್ಯಾಯ ತೆಗೆದು ಮುಂದಿನ ಕೂಟದಲ್ಲಿ ಗಟ್ಟಿಯಾಗಿ ಓದು. ಸಾಧ್ಯವಾದರೆ 13ನೇ ಅಧ್ಯಾಯವನ್ನೂ ಓದು. ಸಿಲೋವದ ಬುರುಜು ಬಿದ್ದು 18 ಜನ ಸತ್ತರಲ್ಲ, ಅವರು ಉಳಿದವರಿಗಿಂತ ಜಾಸ್ತಿ ಪಾಪಿಗಳು ಅಂದುಕೊಂಡಿರಾ, ಹಾಗಲ್ಲ ಅಂತ ಕರ್ತನೇ ಹೇಳಿದ. ಬೈಕಿನಿಂದ ಬಿದ್ದವರಿಗೂ ಆ ಮಾತು ಸಲ್ಲುತ್ತದೆ. ನಮ್ಮ ವಿಶ್ವಾಸಿಗಳೇ ಎಷ್ಟು ಜನ ಬೈಕಿನಿಂದ ಬಿದ್ದು ವಾರ್ಡಿಗೆ ಬಂದಿಲ್ಲ!

ಪ್ರವಾದಿ ಯೋನನಿಗೂ ಇದೇ ರೋಗ ಇತ್ತು. ನಾಶವಾಗುತ್ತದೆ ಅಂತ ತಾನು ಸಾರಿದ ನಿನೆವೆ ಊರು ಉಳಿಯಿತು ಅಂತ ಅವನಿಗೆ ಸಿಟ್ಟು. ತನಗೆ ನೆರಳು ಕೊಟ್ಟ ಗಿಡ ಒಣಗಿತು ಅಂತ ದುಃಖ. ಎಡಗೈ ಬಲಗೈ ತಿಳಿಯದ 1,20,000ಕ್ಕೂ ಜಾಸ್ತಿ ಜನರಿರುವ ಊರಿಗಾಗಿ ನಾನು ಕನಿಕರಪಡಬಾರದೇ ಅಂತ ದೇವರು ಕೇಳಿದ. ಜನರ ಜೊತೆಗೆ ದನಗಳನ್ನೂ ಎಣಿಕೆಗೆ ತಂದ. ಯೋನನ ಪುಸ್ತಕ ಆ ಪ್ರಶ್ನೆಯಲ್ಲೇ ಮುಗಿಯುತ್ತದೆ. ಉತ್ತರ ಅಲ್ಲಿಲ್ಲ.

ಸುಮಾರು 252ರಲ್ಲಿ ಕಾರ್ಥೇಜ್ ಊರಿಗೆ ದೊಡ್ಡ ಪಿಡುಗು ಬಂತು. ಅದಕ್ಕೂ ಒಂದೆರಡು ವರ್ಷ ಮೊದಲಷ್ಟೇ ಅಲ್ಲಿ ಕ್ರೈಸ್ತರಿಗೆ ಹಿಂಸೆಯಾಗಿತ್ತು. ಆದರೂ ಅಲ್ಲಿನ ಬಿಷಪ್ ಸಿಪ್ರಿಯನ್ ಜನರನ್ನು ಸೇರಿಸಿ, ನಮ್ಮವರನ್ನು ಮಾತ್ರ ನೋಡಿಕೊಂಡರೆ ಅದರಲ್ಲಿ ದೊಡ್ಡತನವೇನಿದೆ, ಹಿಂಸಿಸಿದವರಿಗೂ ಒಳ್ಳೆಯದು ಮಾಡಬೇಕು ಅಂತ ಹೇಳಿ ಕೆಲಸ ಹಂಚಿದರು. ಹಣ ಇದ್ದವರು ಹಣ, ಇಲ್ಲದವರು ಮೈಕೈ ದುಡಿಮೆ.

ಆದ್ದರಿಂದ ಹೋಗು. ಒಬ್ಬನೇ ಹೋಗು, ಗುಂಪು ಬೇಡ. ಸತ್ಯವೇದ ಹಿಡಿದುಕೊಂಡು ಹೋಗಬೇಡ, ಒಂದಿಷ್ಟು ಹಣ್ಣು ಒಯ್ಯಿ. ಹಳೆಯ ಜಗಳದ ಮಾತು ಎತ್ತಬೇಡ, ನಾವು ಕ್ಷಮಿಸಿದ್ದೇವೆ ಅಂತಲೂ ಹೇಳಬೇಡ. ಅವರು ಕ್ಷಮೆ ಕೇಳಿಲ್ಲ, ಕಾಲು ಮುರಿದುಕೊಂಡು ಮಲಗಿದವರಿಗೆ ಆ ಮಾತು ಚುಚ್ಚುತ್ತದೆ. ಮನೆಯಲ್ಲಿ ಏನು ಅಡಚಣೆ ಇದೆ ಅಂತ ನೋಡು. ಮಗುವನ್ನು ಶಾಲೆಗೆ ಬಿಡುವವರು ಯಾರು? ಗ್ಯಾಸ್ ಸಿಲಿಂಡರ್ ಎತ್ತಿಡುವವರು ಯಾರು? ಪ್ಲಾಸ್ಟರ್ ಚೆಕಪ್ಪಿಗೆ ಆಟೋ ಹತ್ತಿಸುವವರು ಯಾರು? ಅದರಲ್ಲಿ ಒಂದನ್ನು ನೀನು ವಹಿಸಿಕೋ. ಬೇಡ ಅಂದರೆ ಬೇಸರ ಮಾಡಿಕೊಳ್ಳದೆ ಬಾ, ವಾರ ಬಿಟ್ಟು ಮತ್ತೆ ಕೇಳು. ನಮ್ಮವರು ಏನಂದುಕೊಳ್ಳುತ್ತಾರೋ ಅಂದೆಯಲ್ಲ, ಅಂದುಕೊಳ್ಳಲಿ. ಲೂಕ 9 ಓದಿದ ಮೇಲೆ ಅವರಲ್ಲೂ ಒಬ್ಬಿಬ್ಬರು ನಿನ್ನ ಜೊತೆ ಬಂದಾರು.

ಪ್ರಶ್ನೆ: ಸುಗ್ಗಿ ಹಬ್ಬದ ಹರಾಜಿನಲ್ಲಿ ಬಂದ ಹಣದಿಂದ ಬಡವರಿಗೆ ಅಕ್ಕಿ, ಬೇಳೆ, ಎಣ್ಣೆ ಕೊಡಬೇಕು ಅಂತ ನಮ್ಮ ಸಭಾ ಸಮಿತಿ ತೀರ್ಮಾನಿಸಿದೆ. ಆರಾಧನೆಗೆ ಬರುವವರಿಗೆ ಮಾತ್ರ ಕೊಡೋಣ ಅಂತ ಕೆಲವರು. ಎಲ್ಲರಿಗೂ ಕೊಡೋಣ, ಆದರೆ ಚೀಲದೊಳಗೆ ಸುವಾರ್ತೆಯ ಕರಪತ್ರ ಇಡೋಣ ಅಂತ ಇನ್ನು ಕೆಲವರು. ನಿಮ್ಮ ಅಭಿಪ್ರಾಯ?

ಉತ್ತರ: ಎಲ್ಲರಿಗೂ ಕೊಡಿರಿ. ಚೀಲದಲ್ಲಿ ಅಕ್ಕಿ, ಬೇಳೆ, ಎಣ್ಣೆ ಬಿಟ್ಟು ಬೇರೇನೂ ಬೇಡ.

ಹಸಿದವರ ಕೈಗೆ ಅಕ್ಕಿಯ ಜೊತೆ ಕರಪತ್ರ ಕೊಟ್ಟರೆ ಅವರು ಬೇಡ ಅನ್ನಲಾರರು. ಬೇಡ ಅನ್ನಲಾಗದ ಜಾಗದಲ್ಲಿ ಸುವಾರ್ತೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಯೇಸು ಹತ್ತು ಕುಷ್ಠರೋಗಿಗಳನ್ನು ಶುದ್ಧ ಮಾಡಿದ. ತಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ಉಳಿದ ಒಂಬತ್ತು ಜನ ಎಲ್ಲಿ ಅಂತ ಕರ್ತನು ನೋವಿನಿಂದ ಕೇಳಿದ, ಆದರೆ ಅವರ ಮೈಗೆ ರೋಗವನ್ನು ವಾಪಸ್ ಹಾಕಲಿಲ್ಲ.

ಹಾಗಾದರೆ ಸುವಾರ್ತೆ ಹೇಳುವುದು ಯಾವಾಗ ಅಂತ ಸಮಿತಿಯವರು ಕೇಳುತ್ತಾರೆ. ಅವರಿಗೆ ಪಕೋಮಿಯಸನ ಸಂಗತಿ ಹೇಳಿರಿ. ಸುಮಾರು 312ರಲ್ಲಿ ಈಜಿಪ್ಟಿನ ಇಪ್ಪತ್ತರ ಹುಡುಗನೊಬ್ಬನನ್ನು ರೋಮನ್ ಸೈನ್ಯಕ್ಕೆ ಬಲವಂತವಾಗಿ ಎಳೆದುಕೊಂಡು ಹೋದರು. ದೋಣಿಯಲ್ಲಿ ಒಯ್ಯುವಾಗ ದಾರಿಯಲ್ಲಿ ಥೀಬ್ಸ್ ಊರಿನ ಸೆರೆಯಲ್ಲಿ ಕೂಡಿಹಾಕಿದರು. ಸಂಜೆ ಊರಿನ ಯಾರೋ ಜನ ಊಟ, ನೀರು ತಂದು ತಿನ್ನಿಸಿದರು. ಗುರುತಿಲ್ಲ, ಪರಿಚಯವಿಲ್ಲ. ಇವರು ಯಾರು, ನಮಗೇಕೆ ಮಾಡುತ್ತಾರೆ ಅಂತ ಹುಡುಗ ಪಕ್ಕದವರನ್ನು ಕೇಳಿದ. ಕ್ರೈಸ್ತರಂತೆ, ಪರಊರಿನವರಿಗೂ ಹೀಗೇ ಮಾಡುತ್ತಾರಂತೆ ಅಂದರು. ಬಿಡುಗಡೆಯಾದ ಮೇಲೆ ಅವನೇ ಸಭೆಯನ್ನು ಹುಡುಕಿಕೊಂಡು ಹೋಗಿ ದೀಕ್ಷಾಸ್ನಾನ ಪಡೆದ. ಮುಂದೆ ನೈಲ್ ನದಿಯ ದಡದ ತಬೆನ್ನಿಸಿಯಲ್ಲಿ ಸನ್ಯಾಸಿಗಳು ಒಟ್ಟಿಗೆ ದುಡಿದು ಬಾಳುವ ಮಠ ಕಟ್ಟಿದವನು ಅವನೇ. ಅವತ್ತು ಊಟ ತಂದವರ ಹೆಸರು ಎಲ್ಲೂ ಉಳಿದಿಲ್ಲ. ಅವರು ಊಟ ಕೊಟ್ಟರು, ಕೇಳಿದ್ದು ಅವನು. ಜನ ಕೇಳಿದಾಗ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಹೇಳಿರಿ ಅಂತ ಪೇತ್ರನೂ ಬರೆದದ್ದು ಇದನ್ನೇ ಅಲ್ವಾ?

ಕಾನೂನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಸಂವಿಧಾನದ 25ನೇ ವಿಧಿ ನಮ್ಮ ಧರ್ಮವನ್ನು ಪಾಲಿಸಲು, ಪ್ರಚಾರ ಮಾಡಲು ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಕಾನೂನಿಗೆ ಹೆದರಿ ಕರಪತ್ರ ತೆಗೆಯಬೇಡಿ. ಬಡವರ ಮರ್ಯಾದೆಗಾಗಿ ತೆಗೆಯಿರಿ. ಇನ್ನೊಂದು ಮಾತು, ಚೀಲ ಹಂಚುವಾಗ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ. ರಾತ್ರಿ ಮನೆಮನೆಗೆ ಮುಟ್ಟಿಸಿ ಬನ್ನಿ.

ಪ್ರಶ್ನೆ: ನಾನು ಕ್ರೈಸ್ತಳಲ್ಲ. ಪಕ್ಕದ ಮನೆಯವರು ನಿಮ್ಮ ಪತ್ರಿಕೆ ತರಿಸುತ್ತಾರೆ, ನಾನೂ ಓದುತ್ತೇನೆ. ಅವರು ಒಳ್ಳೆಯ ಜನ, ನನ್ನ ಬಾಣಂತನದಲ್ಲಿ ತುಂಬಾ ನೋಡಿಕೊಂಡರು. ಆದರೆ ನಿಮ್ಮ ಬರಹಗಳಲ್ಲಿ ನಮ್ಮಂಥವರನ್ನು ಕಂಡರೆ "ಅಯ್ಯೋ ಪಾಪ" ಅನ್ನುವ ಭಾವನೆ ಕಾಣುತ್ತದೆ. ನಮಗೂ ದೇವರಿದ್ದಾನೆ, ನೆಮ್ಮದಿ ಇದೆ. ಬರುವ ತಿಂಗಳು ಅವರ ಮಗಳ ಮದುವೆ ಚರ್ಚಿನಲ್ಲಿದೆ. ಹೋಗಬೇಕು ಅಂತ ಆಸೆ, ಆದರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕೋ ಗೊತ್ತಿಲ್ಲ.

ಉತ್ತರ: ಅಮ್ಮಾ, ನೀವು ಬರೆದದ್ದು ನನಗೆ ತುಂಬಾ ಬೇಕಾಗಿತ್ತು. ನಿಮ್ಮ ಹತ್ತಿರ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನನಗೆ ಯೇಸು ಎಲ್ಲರ ಕರ್ತ. ನನಗೆ ಸಿಕ್ಕ ಸಮಾಧಾನ ನಿಮಗೂ ಸಿಗಲಿ ಅನ್ನುವ ಆಸೆ ನನ್ನಲ್ಲಿದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಮೇಲೆ ನಿಂತು ಕೆಳಗೆ ನೋಡಿ "ಪಾಪ" ಅನ್ನುವುದು ಕ್ರಿಸ್ತನ ಕರುಣೆ ಅಲ್ಲ. ನಮ್ಮ ಬರಹದಲ್ಲಿ ಅದು ಇದ್ದರೆ ನೀವು ತೋರಿಸಿದ್ದು ಒಳ್ಳೆಯದಾಯಿತು.

ನನ್ನ ನೆರೆಯವನು ಯಾರು ಅಂತ ಕೇಳಿದವನಿಗೆ ಯೇಸು ಹೇಳಿದ ಕಥೆಯಲ್ಲಿ ದಾರಿಯಲ್ಲಿ ಬಿದ್ದವನನ್ನು ಎತ್ತಿದವನು ಯಾಜಕನಲ್ಲ, ದೇವಾಲಯದ ಸೇವೆಯ ಲೇವಿಯನಲ್ಲ, ಅವರೆಲ್ಲ ಹೊರಗಿಟ್ಟಿದ್ದ ಸಮಾರ್ಯದವನು. ಹೋಗಿ ಅವನ ಹಾಗೆ ಮಾಡು ಅಂತ ಕರ್ತನು ನಮ್ಮಂಥ ಶಾಸ್ತ್ರ ಬಲ್ಲವರಿಗೆ ಹೇಳಿದ. ಪೌಲ ಹೋಗುತ್ತಿದ್ದ ಹಡಗು ಒಡೆದು 276 ಜನ ಮೆಲೀತೆ ದ್ವೀಪದ ದಡ ಸೇರಿದಾಗ, ಆ ಮಳೆ ಚಳಿಯಲ್ಲಿ ಬೆಂಕಿ ಹೊತ್ತಿಸಿ ಎಲ್ಲರನ್ನೂ ಸೇರಿಸಿಕೊಂಡವರು ಕ್ರಿಸ್ತನ ಹೆಸರನ್ನೂ ಕೇಳದ ಜನ. ಪೌಲ ಆ ಬೆಂಕಿಗೆ ಕಟ್ಟಿಗೆ ಆರಿಸಿ ತಂದು ಹಾಕಿದ. ಅವರ ದಯೆಯನ್ನು ಪಡೆದುಕೊಂಡ, ಅದರಲ್ಲಿ ತಾನೂ ಕೈಹಾಕಿದ.

ನಾನು ಕೆಲಸ ಕಲಿಯುವಾಗ ನಮ್ಮ ಹಿರಿಯ ಸಿಸ್ಟರ್ ಒಂದು ಮಾತು ಹೇಳಿಕೊಟ್ಟಿದ್ದರು. ಆಪರೇಷನ್ ಥಿಯೇಟರಿಗೆ ಒಯ್ಯುವ ಮುಂಚೆ ಬಳೆ, ಉಂಗುರ, ಸರ ಎಲ್ಲ ಬಿಚ್ಚಿಸಿ ಟ್ರೇಯಲ್ಲಿ ಹಾಕುತ್ತೇವೆ. ಲಿಂಗಾಯತ ರೋಗಿಗಳ ಕೊರಳಿನ ಇಷ್ಟಲಿಂಗವನ್ನು ಮಾತ್ರ ಆ ಟ್ರೇಗೆ ಹಾಕಬಾರದು. ನೀನು ಮುಟ್ಟಲೂ ಬೇಡ, ಅವರನ್ನೇ ಕೇಳು ಅನ್ನುತ್ತಿದ್ದರು. ಕೆಲವರು ಮನೆಯವರ ಕೈಗೆ ಕೊಡುತ್ತಿದ್ದರು. ಕೆಲವರು ಮೈಯಿಂದ ದೂರ ಮಾಡಲು ಒಪ್ಪುತ್ತಿರಲಿಲ್ಲ. ಆಗ ಶುದ್ಧವಾದ ಗಾಜ್ ಬಟ್ಟೆಯಲ್ಲಿ ಸುತ್ತಿ ಅವರ ತೋಳಿಗೇ ಕಟ್ಟಿ ಡಾಕ್ಟರಿಗೆ ಹೇಳುತ್ತಿದ್ದೆವು. ನಮ್ಮ ಸಿಸ್ಟರ್ ದಿನಾ ಬೆಳಗ್ಗೆ ವಾರ್ಡಿನಲ್ಲಿ ಯೇಸುವಿನ ಹೆಸರಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಗಟ್ಟಿ ವಿಶ್ವಾಸಿ. ಆ ಗಂಟು ಕಟ್ಟುವಾಗಲೂ ಅದೇ ವಿಶ್ವಾಸ ಅವರ ಕೈಯಲ್ಲಿತ್ತು ಅಂತ ನಾನು ನಂಬಿದ್ದೇನೆ.

ಮದುವೆಗೆ ಖಂಡಿತ ಹೋಗಿರಿ. ನಿಮ್ಮ ಇಷ್ಟದ ರೇಷ್ಮೆ ಸೀರೆ ಉಟ್ಟು, ಕುಂಕುಮ, ಹೂವು ಎಲ್ಲ ಇಟ್ಟುಕೊಂಡೇ ಹೋಗಿರಿ. ಚಪ್ಪಲಿ ಹೊರಗೆ ಬಿಡುವ ರೂಢಿ ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ಬಾಗಿಲಲ್ಲಿ ನೋಡಿದರೆ ಗೊತ್ತಾಗುತ್ತದೆ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂತುಕೊಳ್ಳಿ, ಹಾಡು ಬಾರದಿದ್ದರೆ ಸುಮ್ನೆ ಕೇಳಿರಿ. ಮದುವೆಯ ಜೊತೆ ಕರ್ತನ ಭೋಜನವೂ ಇದ್ದರೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಜನ ಮುಂದೆ ಹೋಗುತ್ತಾರೆ. ಅದು ದೀಕ್ಷಾಸ್ನಾನವಾದವರಿಗೆ. ನೀವು ಕೂತಲ್ಲೇ ಇರಿ, ಯಾರೂ ತಪ್ಪು ತಿಳಿಯುವುದಿಲ್ಲ. ಯಾರಾದರೂ ನಿಮ್ಮ ಪಕ್ಕ ಕೂತು ಬಲವಂತವಾಗಿ ಉಪದೇಶ ಶುರುಮಾಡಿದರೆ, ಮದುಮಗಳನ್ನು ನೋಡಬೇಕು ಅಂತ ಹೇಳಿ ಎದ್ದುಹೋಗಿರಿ. ನಿಮಗೇ ಏನಾದರೂ ಕೇಳಬೇಕು ಅನ್ನಿಸಿದರೆ ನಿಮ್ಮ ಬಾಣಂತನ ಮಾಡಿದ ಆ ತಾಯಿಯನ್ನು ಕೇಳಿರಿ. ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.